ಮುಚ್ಚಿಟ್ಟ ಚಿಂದಿ ಮ್ಯೂಸಿಯಂ ಸೇರಿದ ಕಥೆ

ಟೋಕಿಯೊ ಪಟ್ಟಣದಲ್ಲಿ ಅಸಾಕುಸಾ ಎಂಬ ಹಳೆಯ ಬಡಾವಣೆ ಇದೆ. ಅಲ್ಲಿನ ಸೆನ್ಸೋಜಿ ಎಂಬ ಬೌದ್ಧ ದೇವಸ್ಥಾನಕ್ಕೆ ವರ್ಷವಿಡೀ ಜನಜಾತ್ರೆ. ಆ ದೇವಸ್ಥಾನದ ಮಗ್ಗುಲಲ್ಲೇ 2009ರಲ್ಲಿ ಒಂದು ಮ್ಯೂಸಿಯಂ ಶುರುವಾಯಿತು. ದೂರದ ದೇಶಗಳಿಂದಲೂ ಜನ ಅದನ್ನು ಹುಡುಕಿಕೊಂಡು ಬಂದರು. ಅವರು ಬಂದದ್ದು ರಾಜರ ಕತ್ತಿಯನ್ನೋ ರೇಷ್ಮೆಯ ಕಿಮೊನೊವನ್ನೋ ನೋಡುವುದಕ್ಕಲ್ಲ. ಹರಿದು, ತೇಪೆ ಹಾಕಿ, ಮತ್ತೆ ಹರಿದು, ಮತ್ತೆ ತೇಪೆ ಹಾಕಿದ ರೈತರ ಬಟ್ಟೆಗಳನ್ನು ನೋಡುವುದಕ್ಕೆ.

ಸಾಮಾನ್ಯವಾಗಿ ಮ್ಯೂಸಿಯಂಗಳಲ್ಲಿ 'ಮುಟ್ಟಬೇಡಿ' ಎಂಬ ಬೋರ್ಡು ಇರುತ್ತದೆ. ಇಲ್ಲಿ ಹಾಗಲ್ಲ, ಆ ಬಟ್ಟೆಗಳನ್ನು ಕೈಯಿಂದ ಮುಟ್ಟಿ ನೋಡಬಹುದಿತ್ತು. ಎಷ್ಟು ಪದರ ಇದೆ, ಎಷ್ಟು ಭಾರ ಇದೆ ಎಂದು ಬೆರಳಿಗೇ ಗೊತ್ತಾಗುತ್ತಿತ್ತು.

ಈ ಬಟ್ಟೆಗಳಿಗೆ 'ಬೊರೊ' ಎಂದು ಹೆಸರು. ಜಪಾನಿ ಮಾತಿನಲ್ಲಿ 'ಬೊರೊಬೊರೊ' ಎಂದರೆ ಹರಿದು ಚಿಂದಿಯಾದದ್ದು. ಅದು ಹೊಗಳಿಕೆಯ ಮಾತಲ್ಲ. ಅಂಥ ಬಟ್ಟೆ ತೊಟ್ಟವರ ಬಡತನ ಹೊರಗೆ ಕಾಣುತ್ತಿತ್ತು, ಕಂಡವರು ಆಡಿಕೊಳ್ಳುತ್ತಿದ್ದರು. ಇವತ್ತು ಅದೇ ಪದವನ್ನು ಫ್ಯಾಷನ್ ಅಂಗಡಿಗಳು ಹೆಮ್ಮೆಯಿಂದ ಹಾಕಿಕೊಳ್ಳುತ್ತವೆ. ಬೈಗುಳದಂತಿದ್ದ ಮಾತು ಬ್ರ್ಯಾಂಡಿನ ಮಾತಾದದ್ದು ಹೇಗೆ? ನಡುವೆ ಏನೇನು ಆಯಿತು? ಈ ಬರಹದಲ್ಲಿ ನಾವು ಹೇಳಹೊರಟಿರುವುದು ಅದನ್ನೇ.

ಹತ್ತಿ ಬೆಳೆಯದ ನೆಲ

ಜಪಾನಿನ ನಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪ ಹೊನ್‌ಶು. ಅದರ ಉತ್ತರದ ಕಟ್ಟಕಡೆಯ ಪ್ರಾಂತ್ಯ ಅಓಮೊರಿ. ಚಳಿಗಾಲದಲ್ಲಿ ಅಲ್ಲಿ ಹಿಮ ಆಳೆತ್ತರ ಬೀಳುತ್ತದೆ. ಬೇಸಿಗೆಯಲ್ಲೂ ಕೆಲವು ವರ್ಷ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಬೀಸಿ ಭತ್ತ ಕಾಳು ಕಟ್ಟುವುದಿಲ್ಲ. 1780ರ ದಶಕದ ಬರಗಾಲದಲ್ಲಿ ಈ ಸೀಮೆಯೊಂದರಲ್ಲೇ ಹತ್ತಾರು ಸಾವಿರ ಜನ ಸತ್ತರು.

ಹತ್ತಿಗೆ ಬಿಸಿಲು ಬೇಕು. ಇಂಥ ನೆಲದಲ್ಲಿ ಅದು ಬೆಳೆಯುವುದಿಲ್ಲ.

ಹತ್ತಿ ಜಪಾನಿಗೆ ಬಂದ ಕಥೆಯಲ್ಲಿ ನಮ್ಮ ದೇಶದ ಹೆಸರೂ ಇದೆ. ಕ್ರಿ.ಶ. 799ರಲ್ಲಿ ಮಿಕಾವಾ ಎಂಬ ಕರಾವಳಿಗೆ ಚಿಕ್ಕ ದೋಣಿಯೊಂದರಲ್ಲಿ ಪರದೇಶದ ಯುವಕನೊಬ್ಬ ತೇಲಿಬಂದ ಎಂದು ಅವರ ಹಳೆಯ ರಾಜದಾಖಲೆ ಹೇಳುತ್ತದೆ. ಅವನ ಸಾಮಾನಿನಲ್ಲಿ ಹತ್ತಿ ಬೀಜ ಇತ್ತು. ತಾನು 'ತೆಂಜಿಕು' ದೇಶದವನು ಎಂದು ಅವನು ಆಮೇಲೆ ಹೇಳಿಕೊಂಡನಂತೆ. ತೆಂಜಿಕು ಎಂದರೆ ಜಪಾನಿಯರು ಭಾರತಕ್ಕೆ ಇಟ್ಟಿದ್ದ ಹಳೆಯ ಹೆಸರು. ಮರುವರ್ಷ ಆ ಬೀಜವನ್ನು ದಕ್ಷಿಣದ ಬೆಚ್ಚಗಿನ ಸೀಮೆಗಳಲ್ಲಿ ಬಿತ್ತಿಸಿದರು. ಬೆಳೆ ನಿಲ್ಲಲಿಲ್ಲ, ತಳಿ ಅಳಿದುಹೋಯಿತು. ಆದರೂ ನಿಶಿಯೊ ಎಂಬ ಊರಿನಲ್ಲಿ ಹತ್ತಿ ತಂದ ಆ ಅಪರಿಚಿತನಿಗೆ ಇಂದಿಗೂ ಗುಡಿ ಇದೆ.

ಹತ್ತಿ ಜಪಾನಿನಲ್ಲಿ ನಿಜವಾಗಿ ಬೇರುಬಿಟ್ಟದ್ದು 16ನೇ ಶತಮಾನದ ಹೊತ್ತಿಗೆ, ಅದೂ ಓಸಾಕಾ ಸುತ್ತಲಿನ ಬೆಚ್ಚಗಿನ ಬಯಲಿನಲ್ಲಿ. ಅಓಮೊರಿಯ ರೈತರಿಗೆ ಉಳಿದದ್ದು 'ಅಸಾ' ಎಂಬ ನಾರಿನ ಗಿಡ. ನಮ್ಮ ಪುಂಡಿ, ಸೆಣಬಿನ ಹಾಗೆ ಅದರ ಕಾಂಡದ ತೊಗಟೆಯಲ್ಲಿ ನಾರು ಇರುತ್ತದೆ. ಬೇಸಿಗೆಯಲ್ಲಿ ಕೊಯ್ದು, ಹಬೆಯಲ್ಲಿ ಬೇಯಿಸಿ, ತೊಗಟೆ ಸುಲಿದು, ನಾರನ್ನು ಉಗುರಿನಿಂದ ಸೀಳಿ, ಎಳೆಗೆ ಎಳೆ ಸೇರಿಸಿ ಹೊಸೆಯಬೇಕು. ಚಳಿಗಾಲದಲ್ಲಿ ಮಗ್ಗಕ್ಕೆ ಹಾಕಬೇಕು. ಮನೆಮಂದಿಗೆಲ್ಲ ಬಟ್ಟೆ ಆಗಬೇಕಾದರೆ ಹೆಂಗಸರಿಗೆ ವರ್ಷಪೂರ್ತಿ ಅದೇ ಕೆಲಸ.

ಇಷ್ಟು ಕಷ್ಟಪಟ್ಟು ನೇಯ್ದ ಬಟ್ಟೆ ಗಟ್ಟಿ ಇರುತ್ತಿತ್ತು, ಆದರೆ ಬೆಚ್ಚಗಿರುತ್ತಿರಲಿಲ್ಲ. ನಾರುಬಟ್ಟೆಯ ಎಳೆಗಳ ನಡುವೆ ಸಂದು ಇರುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಬಿಸಿಲ ನಾಡಿಗೆ ಅದು ಹೇಳಿಮಾಡಿಸಿದ ಬಟ್ಟೆ. ಹಿಮದ ನಾಡಿಗೆ ಅಲ್ಲ.

ಹತ್ತಿ ಉಡಬಾರದೆಂಬ ಕಟ್ಟಳೆ

ಚಳಿ ದೇವರು ಕೊಟ್ಟದ್ದು ಎನ್ನೋಣ. ಆದರೆ ಕಾನೂನು ಮನುಷ್ಯರು ಮಾಡಿದ್ದು.

ಆಗ ಜಪಾನಿನ ಒಂದೊಂದು ಸೀಮೆಯನ್ನು ಒಬ್ಬೊಬ್ಬ ಪಾಳೇಗಾರ ಆಳುತ್ತಿದ್ದ. ಯಾರು ಯಾವ ಬಟ್ಟೆ ಉಡಬೇಕು, ಯಾವ ಬಣ್ಣ ತೊಡಬೇಕು ಎಂಬುದಕ್ಕೂ ಕಟ್ಟಳೆ ಇತ್ತು. ಅಓಮೊರಿಯ ಪಶ್ಚಿಮದ ಭಾಗ ತ್ಸುಗರು. ಅದನ್ನು ಆಳುತ್ತಿದ್ದ ಹಿರೊಸಾಕಿ ಸಂಸ್ಥಾನ 1724ರಲ್ಲಿ ರೈತರ ಖರ್ಚಿನ ಮೇಲೆ ಒಂದು ಆಜ್ಞೆ ಹೊರಡಿಸಿತು. ರೈತರು ಹತ್ತಿಬಟ್ಟೆ ಉಡುವಂತಿಲ್ಲ, ನಾರುಬಟ್ಟೆಯನ್ನೇ ಉಡಬೇಕು ಎಂದು ಅದರಲ್ಲಿ ಇತ್ತು. ಹತ್ತಿ ದೂರದಿಂದ ಬರುವ ದುಬಾರಿ ಸರಕು. ರೈತ ಅದಕ್ಕೆ ಹಣ ಸುರಿದರೆ ಕಂದಾಯ ಎಲ್ಲಿಂದ ಕಟ್ಟಬೇಕು ಎಂಬುದು ಆಳುವವರ ಲೆಕ್ಕ.

ಮೈತುಂಬ ಹತ್ತಿ ಉಡುವಂತಿಲ್ಲ. ಆದರೆ ಹತ್ತಿಯ ದಾರ, ಹತ್ತಿಯ ತುಂಡು ಹೇಗೋ ಹಳ್ಳಿಗೆ ಬರುತ್ತಿತ್ತು. ಹೆಂಗಸರು ದಾರಿ ಹುಡುಕಿದ್ದು ಅಲ್ಲೇ. ನೀಲಿ ಬಣ್ಣ ಹಾಕಿದ ನಾರುಬಟ್ಟೆಯ ಸಂದುಗಳನ್ನು ಬಿಳಿಯ ದಾರದಿಂದ ಸಾಲುಸಾಲಾಗಿ ಹೊಲಿದು ತುಂಬಿದರು. ಸೂಜಿ ಮೇಲೊಮ್ಮೆ ಕೆಳಗೊಮ್ಮೆ ಹೋಗಿಬರುವ ಸರಳ ಹೊಲಿಗೆ ಅದು. ಸಂದು ಮುಚ್ಚಿತು, ಬಟ್ಟೆ ದಪ್ಪವಾಯಿತು, ಗಾಳಿ ನಿಂತಿತು. ಇಂಥ ಹೊಲಿಗೆಗೆ 'ಸಶಿಕೊ' ಎನ್ನುತ್ತಾರೆ.

ತ್ಸುಗರು ಹೆಂಗಸರು ಎಳೆಗಳನ್ನು ಒಂದು, ಮೂರು, ಐದು ಎಂದು ಬೆಸಸಂಖ್ಯೆಯಲ್ಲಿ ಎಣಿಸಿ ಹೊಲಿದರು. ಅದಕ್ಕೆ 'ಕೊಗಿನ್' ಎಂದು ಹೆಸರು. ಪೂರ್ವದ ನಂಬು ಸೀಮೆಯವರು ಎರಡು, ನಾಲ್ಕು ಎಂದು ಸಮಸಂಖ್ಯೆಯಲ್ಲಿ ಎಣಿಸಿದರು. ಬಟ್ಟೆ ನೋಡಿದರೆ ಸಾಕು, ಹೊಲಿದವಳು ಯಾವ ಸೀಮೆಯವಳು ಎಂದು ಹೇಳಬಹುದಿತ್ತು. ಈಗ ಜನ ಆ ಚೌಕಚೌಕದ ಚಿತ್ತಾರವನ್ನು ಕಂಡು ಬೆರಗಾಗುತ್ತಾರೆ. ಅದು ಮೊದಲು ಹುಟ್ಟಿದ್ದು ಚಳಿಗೆ ಅಡ್ಡಗೋಡೆಯಾಗಿ.

ಹಡಗಿನಲ್ಲಿ ಬಂದ ಹಳೆಬಟ್ಟೆ

ಹತ್ತಿಯ ತುಂಡು ಬರುತ್ತಿದ್ದದ್ದು ಎಲ್ಲಿಂದ? ಓಸಾಕಾದಿಂದ ಉತ್ತರಕ್ಕೆ ಸಮುದ್ರದ ದಾರಿಯಲ್ಲಿ ಓಡಾಡುತ್ತಿದ್ದ ಸರಕು ಹಡಗುಗಳಿಂದ. 'ಕಿತಾಮಾಎಬುನೆ' ಎಂದು ಅವುಗಳ ಹೆಸರು. ಉತ್ತರಕ್ಕೆ ಹೋಗುವಾಗ ಉಪ್ಪು, ಮದ್ಯ, ಹತ್ತಿ, ಹಳೆಬಟ್ಟೆ. ವಾಪಸ್ ಬರುವಾಗ ಅಕ್ಕಿ, ಕಡಲಪಾಚಿ, ಒಣಗಿಸಿದ ಹೆರಿಂಗ್ ಮೀನು.

ಆ ಮೀನನ್ನು ತಿನ್ನುವುದಕ್ಕಷ್ಟೇ ಒಯ್ಯುತ್ತಿರಲಿಲ್ಲ. ಬೇಯಿಸಿ, ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಹತ್ತಿ ಹೊಲಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಉತ್ತರದ ಕಡಲಿನ ಮೀನಿನಿಂದ ದಕ್ಷಿಣದ ಹತ್ತಿ ಬೆಳೆಯಿತು. ಆ ಹತ್ತಿಯನ್ನು ಪಟ್ಟಣದವರು ಹೊಸದಾಗಿ ಉಟ್ಟರು. ಹಳತಾಗಿ ಬಿಸಾಡುವ ಹಂತಕ್ಕೆ ಬಂದಾಗ ಅದು ಗಂಟು ಕಟ್ಟಿಸಿಕೊಂಡು ಉತ್ತರದ ಹಳ್ಳಿಗೆ ಬಂತು. ಕಚ್ಚಾ ಮಾಲು ಕೊಟ್ಟ ಊರಿಗೆ ಕೊನೆಗೆ ಸಿಕ್ಕಿದ್ದು ಚಿಂದಿ. ಈ ಲೆಕ್ಕ ಹಳ್ಳಿಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಚಿಂದಿಯೂ ಅಲ್ಲಿ ಬಂಗಾರವೇ. ಅಂಗೈಯಗಲದ ತುಂಡನ್ನೂ ಹೆಂಗಸರು ಎತ್ತಿಡುತ್ತಿದ್ದರು. ಮೊಣಕೈ ಸವೆದಲ್ಲಿ ಒಂದು, ಬೆನ್ನು ಸವೆದಲ್ಲಿ ಒಂದು ಎಂದು ತೇಪೆ ಹಾಕುತ್ತಿದ್ದರು. ಅಜ್ಜಿ ಹಾಕಿದ ತೇಪೆಯ ಮೇಲೆ ಸೊಸೆ, ಸೊಸೆಯ ತೇಪೆಯ ಮೇಲೆ ಮೊಮ್ಮಗಳು. ಒಂದು ಅಂಗಿ ಎರಡು ಮೂರು ತಲೆಮಾರು ಬಾಳುತ್ತಿತ್ತು. ಹೊಲಿಯಲೂ ಆಗದಷ್ಟು ಹಳತಾದರೆ ಪಟ್ಟಿಪಟ್ಟಿಯಾಗಿ ಹರಿದು, ಆ ಪಟ್ಟಿಗಳನ್ನೇ ಹೊಕ್ಕುನೂಲಿನ ಬದಲು ಮಗ್ಗಕ್ಕೆ ಹಾಕಿ ಮತ್ತೆ ನೇಯುತ್ತಿದ್ದರು.

ಮಲಗುವುದಕ್ಕೆ 'ದೊಂಜಾ' ಎಂಬ ದಪ್ಪನೆಯ ಹೊದಿಕೆ ಇತ್ತು. ತೋಳುಗಳಿರುವ ದೊಡ್ಡ ಕೋಟಿನ ಹಾಗೆ. ಪದರದ ಮೇಲೆ ಪದರ ಹೊಲಿದು, ಒಳಗೆ ನಾರಿನ ಕಸರು ತುಂಬಿದ ಆ ಹೊದಿಕೆ ಹತ್ತು ಕಿಲೋ ಮೀರಿ ತೂಗುತ್ತಿದ್ದದ್ದೂ ಉಂಟು. ತಂದೆ, ತಾಯಿ, ಮಕ್ಕಳು ಎಲ್ಲರೂ ಅದರೊಳಗೆ ಒಬ್ಬರ ಮೈಗೆ ಒಬ್ಬರು ಒತ್ತಿಕೊಂಡು, ಮೈಯ ಬಿಸಿಯಲ್ಲೇ ರಾತ್ರಿ ಕಳೆಯುತ್ತಿದ್ದರು.

ನೆಲಕ್ಕೆ ಹಾಸುವ ತೇಪೆಬಟ್ಟೆಗೆ 'ಬೊದೊ' ಎನ್ನುತ್ತಿದ್ದರು. ಹೆರಿಗೆಯಾಗುತ್ತಿದ್ದದ್ದೂ ಅದರ ಮೇಲೆಯೇ. ಆ ಬೊದೊದಲ್ಲಿ ಮನೆಯ ಹಿರಿಯರು ಉಟ್ಟು ಬಿಟ್ಟ ಬಟ್ಟೆಯ ತುಂಡುಗಳೆಲ್ಲ ಸೇರಿರುತ್ತಿದ್ದವು. ಹುಟ್ಟಿದ ಕೂಸಿನ ಮೈ ಮೊದಲು ತಾಗುತ್ತಿದ್ದದ್ದು ತಾನು ಎಂದೂ ಕಾಣದ ಹಿರಿಯರ ಬಟ್ಟೆಗೆ.

ರೈಲು ಬಂತು, ನಾಚಿಕೆಯೂ ಬಂತು

1868ರಲ್ಲಿ ಜಪಾನಿನ ಆಡಳಿತ ಬದಲಾಯಿತು. ಪಾಳೇಗಾರರ ಕಾಲ ಮುಗಿದು ಅವರ ಬಟ್ಟೆಯ ಕಟ್ಟಳೆಗಳೂ ಹೋದವು. 1891ರಲ್ಲಿ ಟೋಕಿಯೊದಿಂದ ಅಓಮೊರಿವರೆಗೆ ರೈಲು ಓಡಿತು. ಗಿರಣಿಯ ನೂಲು, ಗಿರಣಿಯ ಬಟ್ಟೆ ರೈಲಿನಲ್ಲಿ ಬಂದಿಳಿಯಿತು.

ಆ ನೂಲಿನಲ್ಲಿ ಭಾರತದ ಹತ್ತಿಯೂ ಇತ್ತು. 1893ರಲ್ಲಿ ಜಪಾನಿನ ನಿಪ್ಪಾನ್ ಯೂಸೆನ್ ಹಡಗು ಕಂಪನಿ ಟಾಟಾದವರ ಜೊತೆ ಸೇರಿ ಬಾಂಬೆಗೂ ಕೋಬೆಗೂ ನಡುವೆ ಹಡಗು ಓಡಿಸತೊಡಗಿತು. ಬಾಂಬೆ ಬಂದರಿನಿಂದ ಹೋದ ಅಗ್ಗದ ಹತ್ತಿ ಓಸಾಕಾದ ಗಿರಣಿಗಳಿಗೆ ಬಿತ್ತು. ಹೊರಗಿನ ಹತ್ತಿಯ ಮೇಲಿದ್ದ ಸುಂಕವನ್ನೂ 1896ರಲ್ಲಿ ತೆಗೆದರು. ಉತ್ತರದ ಬಡವರಿಗೆ ಅಂತೂ ಹತ್ತಿ ಎಟುಕಿತು. ಅದೇ ಹೊಡೆತಕ್ಕೆ ಜಪಾನಿನ ಸ್ವಂತ ಹತ್ತಿ ಬೆಳೆಗಾರರು ಮುಳುಗಿದರು.

ಹತ್ತಿ ಕೈಗೆ ಸಿಕ್ಕಮೇಲೆ ಕಣ್ಣು ಕೆಡಿಸಿಕೊಂಡು ಎಳೆ ಎಣಿಸುವ ಕೆಲಸ ಯಾರಿಗೆ ಬೇಕು? ಕೊಗಿನ್ ಹೊಲಿಗೆ ಕೆಲವೇ ದಶಕಗಳಲ್ಲಿ ನಿಂತುಹೋಯಿತು. ಜನಪದ ಕುಶಲಕಲೆಗಳ ಬಗ್ಗೆ ಬರೆಯುತ್ತಿದ್ದ ಯಾನಾಗಿ ಸೊಯೆತ್ಸು ಎಂಬ ಚಿಂತಕರು 1930ರ ದಶಕದಲ್ಲಿ ಕೊಗಿನ್ ಕಂಡು ಮೆಚ್ಚಿ ಬರೆದರು. 1936ರಲ್ಲಿ ಟೋಕಿಯೊದಲ್ಲಿ ಜನಪದ ಕುಶಲಕಲೆಗಳಿಗೆಂದೇ ಮ್ಯೂಸಿಯಂ ಶುರುಮಾಡಿದವರೂ ಅವರೇ. ಇಂಥವರ ಮಾತಿನಿಂದ ಕೊಗಿನ್ ಹೊಲಿಗೆಗೆ ಮರುಜೀವ ಬಂತು.

ಆದರೆ ಮೆಚ್ಚುಗೆ ಸಿಕ್ಕಿದ್ದು ಅಂದದ ಚಿತ್ತಾರಕ್ಕೆ. ಚಿತ್ತಾರವಿಲ್ಲದ, ತೇಪೆಯ ಮೇಲೆ ತೇಪೆ ಬಿದ್ದ ಬೊರೊ ಮಾತ್ರ ಬಡತನದ ಗುರುತಾಗಿಯೇ ಉಳಿಯಿತು. ಎರಡನೇ ಮಹಾಯುದ್ಧ ಮುಗಿದು ದೇಶ ಶ್ರೀಮಂತವಾಗುತ್ತ ಹೋದಂತೆ ಜನ ಅವನ್ನು ಸುಟ್ಟರು, ಬಿಸಾಡಿದರು, ಅಟ್ಟದ ಮೂಲೆಗೆ ತಳ್ಳಿದರು. ನೆಂಟರ ಕಣ್ಣಿಗೆ ಬಿದ್ದರೆ ಮಾನ ಹೋಗುತ್ತದೆ ಎಂಬ ಭಯ.

ಅಟ್ಟ ಕೆದಕಿದವರು

ಅಓಮೊರಿಯವರೇ ಆದ ತನಾಕಾ ಚೂಜಬುರೊ ಹುಟ್ಟಿದ್ದು 1933ರಲ್ಲಿ. ಅವರು ಮೊದಲು ಆಸೆಪಟ್ಟದ್ದು ಮಣ್ಣಿನಡಿಯ ಪುರಾತನ ಮಡಕೆಗಳಿಗೆ. ಅವನ್ನು ಹುಡುಕುತ್ತ ಹಳ್ಳಿ ಸುತ್ತುವಾಗ ಅವರ ಕಣ್ಣು ಮನೆಗಳೊಳಗಿನ ವಸ್ತುಗಳ ಮೇಲೆ ಬಿತ್ತು. ಮಣ್ಣಿನಡಿ ಇರುವುದು ಇನ್ನೂ ಸಾವಿರ ವರ್ಷ ಅಲ್ಲೇ ಇರುತ್ತದೆ. ಅಟ್ಟದ ಮೇಲಿರುವುದು ನಾಳೆ ಒಲೆಗೆ ಹೋಗಬಹುದು.

1960ರ ದಶಕದಿಂದ ಅವರು ಮನೆಮನೆ ತಿರುಗಿದರು. ಕೇಳಿದ ಕೂಡಲೇ ಬೊರೊ ತೆಗೆದು ತೋರಿಸುವವರು ಯಾರು? ನಾಚಿಕೆ ಅಡ್ಡ ಬರುತ್ತಿತ್ತು. ಒಂದೇ ಮನೆಗೆ ಮತ್ತೆ ಮತ್ತೆ ಹೋಗಬೇಕಿತ್ತು, ಮುದುಕಿಯರ ಜೊತೆ ಕುಳಿತು ಮಾತಾಡಬೇಕಿತ್ತು. ದೊಂಜಾದೊಳಗೆ ಮನೆಮಂದಿಯೆಲ್ಲ ಹೇಗೆ ಮಲಗುತ್ತಿದ್ದರು, ಬೊದೊದ ಮೇಲೆ ಹೆರಿಗೆ ಹೇಗಾಗುತ್ತಿತ್ತು ಎಂಬ ಸಂಗತಿ ಇವತ್ತು ನಮಗೆ ಗೊತ್ತಿರುವುದು ಅವರು ಹಾಗೆ ಕೇಳಿ ಬರೆದಿಟ್ಟದ್ದರಿಂದ. ಬಟ್ಟೆಯ ಜೊತೆ ಮಾತನ್ನೂ ಸಂಗ್ರಹಿಸಿದ್ದು ಅವರ ದೊಡ್ಡತನ.

ಹೀಗೆ ಅವರು ಸಾವಿರಾರು ವಸ್ತು ಕೂಡಿಸಿದರು. ಅದರಲ್ಲಿ ಸಶಿಕೊ ಹೊಲಿಗೆಯ 786 ಬಟ್ಟೆಗಳನ್ನು 1983ರಲ್ಲಿ ಜಪಾನ್ ಸರ್ಕಾರ ದೇಶದ ಮುಖ್ಯ ಜನಪದ ಆಸ್ತಿ ಎಂದು ಘೋಷಿಸಿತು. ಹೆಸರಾಂತ ನಿರ್ದೇಶಕ ಅಕಿರಾ ಕುರೊಸಾವಾ ಅವರ 1990ರ 'ಡ್ರೀಮ್ಸ್' ಸಿನಿಮಾಕ್ಕೂ ತನಾಕಾ ತಮ್ಮ ಸಂಗ್ರಹದ ಉಡುಪು ಕೊಟ್ಟರು. ಅವರು ತೀರಿಕೊಂಡದ್ದು 2013ರಲ್ಲಿ.

ಪ್ಯಾರಿಸ್ಸಿನಲ್ಲಿ ತೂತಿನ ಸ್ವೆಟರ್

ಅತ್ತ ತನಾಕಾ ಅಟ್ಟ ಕೆದಕುತ್ತಿದ್ದ ಕಾಲದಲ್ಲೇ ಇತ್ತ ಫ್ಯಾಷನ್ ಲೋಕದಲ್ಲಿ ಬೇರೆಯೇ ಒಂದು ಗಲಾಟೆ ಎದ್ದಿತು.

1981ರಲ್ಲಿ ಜಪಾನಿನ ಇಬ್ಬರು ಪ್ಯಾರಿಸ್ಸಿನಲ್ಲಿ ಮೊದಲ ಸಲ ತಮ್ಮ ಉಡುಪು ತೋರಿಸಿದರು. ಒಬ್ಬರು ರೇ ಕವಾಕುಬೊ, 'ಕಾಮ್ ದೆ ಗಾರ್ಸೋನ್' ಎಂಬ ಬ್ರ್ಯಾಂಡ್ ಕಟ್ಟಿದ ಹೆಣ್ಣುಮಗಳು. ಇನ್ನೊಬ್ಬರು ಯೋಜಿ ಯಾಮಾಮೊತೊ. ಅವರ ತಂದೆ ಯುದ್ಧದಲ್ಲಿ ಸತ್ತರು, ತಾಯಿ ಬಟ್ಟೆ ಹೊಲಿದು ಮಗನನ್ನು ಸಾಕಿದರು. ಆಗಿನ ಪ್ಯಾರಿಸ್ಸಿನಲ್ಲಿ ಮೈಗೆ ಅಂಟಿದ, ಮಿರಮಿರ ಮಿನುಗುವ ಬಟ್ಟೆಗೆ ಬೆಲೆ. ಇವರದು ಕಪ್ಪು ಬಣ್ಣ, ದೊಗಲೆ ಅಳತೆ, ಅಂಚು ಹರಿದ ಹಾಗೆ. 1982ರಲ್ಲಿ ಕವಾಕುಬೊ ತೂತುಗಳಿದ್ದ ಒಂದು ಸ್ವೆಟರ್ ತೋರಿಸಿದರು. ಹೆಣೆಯುವ ಯಂತ್ರದ ಸ್ಕ್ರೂ ಸಡಿಲಿಸಿ, ಬೇಕೆಂದೇ ಬೀಳಿಸಿದ ತೂತುಗಳು ಅವು. ಅವರ ಪ್ರಕಾರ ಅದು ಲೇಸ್. ಕೆಲವು ಪತ್ರಿಕೆಗಳು ಭಿಕ್ಷುಕರ ಬಟ್ಟೆ, ಅಣುಬಾಂಬ್ ಬಿದ್ದ ಊರಿನ ಬಟ್ಟೆ ಎಂಬಂತೆ ಗೇಲಿ ಮಾಡಿದವು. ಕೆಲವೇ ವರ್ಷಗಳಲ್ಲಿ ಲೋಕದ ವಿನ್ಯಾಸಗಾರರೆಲ್ಲ ಅದೇ ದಾರಿ ಹಿಡಿದರು.

ಅವರು ಬೊರೊ ನೋಡಿಯೇ ಇದನ್ನು ಮಾಡಿದರು ಎಂದು ನಾವು ಹೇಳುತ್ತಿಲ್ಲ. ಆದರೆ ಹೊಸದು, ಮಿನುಗುವುದು, ಹರಿಯದ್ದು ಮಾತ್ರ ಚಂದ ಎಂಬ ನಂಬಿಕೆಯನ್ನು ಅವರು ಮುರಿದರು. ಅವರಿಗಿಂತ ಮುಂಚೆಯೇ, 1970ರ ದಶಕದಲ್ಲಿ, ಹಿರೊಶಿಮಾದಲ್ಲಿ ಹುಟ್ಟಿದ ಇಸ್ಸೆ ಮಿಯಾಕೆ ರೈತರ ಸಶಿಕೊ ಬಟ್ಟೆಯನ್ನು ತಮ್ಮ ಉಡುಪುಗಳಿಗೆ ತಂದಿದ್ದರು. ನೋಡುವ ಕಣ್ಣು ಹೀಗೆ ಬದಲಾದ ಮೇಲೆ ಬೊರೊ ಕೂಡ ಚಂದ ಕಂಡಿತು.

ಆಮೇಲೆ ಫೋಟೊಗಳು ಬಂದವು. ಟೋಕಿಯೊದ ಸಾಮಾನ್ಯ ಜನರ ಇಕ್ಕಟ್ಟಾದ ಕೋಣೆಗಳನ್ನು ಇದ್ದಹಾಗೇ ಚಿತ್ರ ತೆಗೆದು ಹೆಸರಾದವರು ತ್ಸುಜುಕಿ ಕ್ಯೊಇಚಿ. ಅವರು ಕೊಇದೆ ಯುಕಿಕೊ ಅವರೊಂದಿಗೆ ಸೇರಿ ತನಾಕಾ ಸಂಗ್ರಹದ ಬೊರೊಗಳ ಪುಸ್ತಕ ಮಾಡಿದರು. ನಾವು ಮೊದಲು ಹೇಳಿದ ಅಸಾಕುಸಾದ ಮ್ಯೂಸಿಯಂ ಶುರುವಾದದ್ದೂ ತನಾಕಾ ಅವರ ಸಂಗ್ರಹದಿಂದಲೇ. ಅದು 2019ರಲ್ಲಿ ಬಾಗಿಲು ಹಾಕಿತು, ಆದರೆ ಬಟ್ಟೆಗಳು ದೇಶ ಸುತ್ತಿದವು. 2020ರಲ್ಲಿ ನ್ಯೂಯಾರ್ಕಿನ ಜಪಾನ್ ಸೊಸೈಟಿಯ ಪ್ರದರ್ಶನದಲ್ಲಿ ರೈತ ಹೆಂಗಸರ ಬೊರೊ ಮತ್ತು ಕವಾಕುಬೊ, ಯಾಮಾಮೊತೊ, ಮಿಯಾಕೆ ಅವರ ಉಡುಪು ಒಂದೇ ಸೂರಿನಡಿ ನಿಂತವು.

ಬೆಲೆ ಯಾರಿಗೆ ಸಿಕ್ಕಿತು?

ಇವತ್ತು ಹಳೆಯ ಬೊರೊ ತುಂಡುಗಳನ್ನು ವಿದೇಶದ ವ್ಯಾಪಾರಿಗಳು ಕೊಂಡು ಮಾರುತ್ತಾರೆ. ಜೀನ್ಸಿಗೆ ಹೆಸರಾದ ಜಪಾನಿನ ಕೊಜಿಮಾ ಊರಿನ ಕಂಪನಿಗಳು ಬೊರೊ ಮಾದರಿಯ ಕೋಟು ಹೊಲಿದು ದುಬಾರಿ ಬೆಲೆಗೆ ಮಾರುತ್ತವೆ. ಎಲ್ಲೂ ಹರಿಯದ ಹೊಸ ಬಟ್ಟೆಯ ಮೇಲೆ ಬೇಕೆಂದೇ ತೇಪೆ. ಬಡತನ ಕಾಣುವಂತಿರಬೇಕು, ಆದರೆ ಬಡವರು ಕೊಳ್ಳುವಂತಿಲ್ಲ.

ಏನನ್ನೂ ಹಾಳುಮಾಡಬಾರದು ಎಂಬುದಕ್ಕೆ ಜಪಾನಿಯಲ್ಲಿ 'ಮೊತ್ತಾಯ್‌ನಾಯ್' ಎಂಬ ಮಾತಿದೆ. ಪರಿಸರದ ಪಾಠ ಹೇಳುವವರು ಈಗ ಬೊರೊ ತೋರಿಸಿ ಆ ಮಾತು ಹೇಳುತ್ತಾರೆ. ಪಾಠ ಒಳ್ಳೆಯದೇ. ಆದರೆ ಆ ಹೆಂಗಸರು ಭೂಮಿ ಉಳಿಸಬೇಕೆಂದು ತೇಪೆ ಹಾಕಲಿಲ್ಲ. ಮಗು ಚಳಿಗೆ ಸಾಯಬಾರದು ಎಂದು ಹಾಕಿದರು. ಅವರಿಗೆ ಬೇರೆ ಬಟ್ಟೆ ಸಿಗದಿದ್ದದ್ದು ಹವಾಮಾನದ ಜೊತೆ ಕಾನೂನಿನ ಕಾರಣಕ್ಕೂ ಹೌದು. ಬೊರೊ ಚಂದ ಎನ್ನುವಾಗ 1724ರ ಆಜ್ಞೆಯನ್ನು ಮರೆತರೆ, ಆಳಿದವರ ತಪ್ಪು ಮುಚ್ಚಿಹೋಗಿ ಬಡವರ ಸಂಕಟ ಬರೀ ಅಲಂಕಾರವಾಗುತ್ತದೆ.

ಇನ್ನೊಂದು ಸಂಗತಿ ನಮ್ಮನ್ನು ಕಾಡುತ್ತದೆ. ಈ ಕಥೆಯಲ್ಲಿ ನಾವು ಎಷ್ಟೋ ಹೆಸರು ಹೇಳಿದೆವು. ಚಿಂತಕರು, ಸಂಗ್ರಹಕಾರರು, ವಿನ್ಯಾಸಗಾರರು, ಫೋಟೊಗ್ರಾಫರ್, ನಿರ್ದೇಶಕ. ಬೊರೊ ಹೊಲಿದ ಒಬ್ಬ ಹೆಂಗಸಿನ ಹೆಸರೂ ಬರಲಿಲ್ಲ. ಕೋಟಿನ ಮೇಲೆ ಕಂಪನಿಯ ಹೆಸರಿದೆ. ಬೊರೊ ಮೇಲೆ ಯಾರ ಹೆಸರೂ ಇಲ್ಲ. ಸಾವಿರಾರು ಬಟ್ಟೆ ಉಳಿದವು, ಹೊಲಿದವರು ಉಳಿಯಲಿಲ್ಲ.

ನಮ್ಮಲ್ಲಿ ಆ ಹಿಮ ಇಲ್ಲ, ಆ ಆಜ್ಞೆಯೂ ಇರಲಿಲ್ಲ. ನಮ್ಮ ಕೌದಿಯ ಕಥೆ ಬೇರೆ. ಆದರೂ ಬೊರೊ ಬಗ್ಗೆ ಓದುತ್ತ ನಮಗೆ ನೆನಪಾದದ್ದು ಉತ್ತರ ಕರ್ನಾಟಕದ ಮನೆಗಳ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳೂ ಈಗ ಪರದೇಶದ ಪ್ರದರ್ಶನ ಕಂಡಿವೆ. ಹೊಸ ಕಂಬಳಿ, ಬ್ಲಾಂಕೆಟ್ ಬಂದಮೇಲೆ ಎಷ್ಟೋ ಮನೆಗಳಲ್ಲಿ ಹಳೆಯ ಕೌದಿ ಟ್ರಂಕಿನ ತಳ ಸೇರಿದೆ, ಇಲ್ಲವೇ ಎತ್ತಿನ ಬೆನ್ನಿಗೆ ಬಿದ್ದಿದೆ.

ನಿಮ್ಮ ಮನೆಯಲ್ಲೂ ಒಂದು ಇದ್ದರೆ ಈ ವಾರ ಹೊರಗೆ ತೆಗೆಯಿರಿ. ಬಿಸಿಲಿಗೆ ಹಾಕಿ, ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಯಾರು ಹೊಲಿದದ್ದು, ಯಾವ ವರ್ಷ, ಯಾರ ಸೀರೆ, ಯಾರ ಧೋತರ ಅದರಲ್ಲಿ ಸೇರಿದೆ ಎಂದು ಮನೆಯ ಹಿರಿಯರನ್ನು ಕೇಳಿ. ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಕೌದಿಯ ಜೊತೆಗೇ ಮಡಚಿಡಿ. ಹೊಲಿದವರ ಹೆಸರನ್ನು ಮೊದಲು ಬರೆಯಿರಿ.